ನ್ಯೂಯಾರ್ಕ್‌ನ ಹಸಿ ಕಸ: ಡಬ್ಬಿ ಬಂತು, ಅಭ್ಯಾಸ ಯಾವಾಗ?

2025ರ ಜುಲೈನಲ್ಲಿ ಅಮ್ಮ ತುಮಕೂರಿನಿಂದ ನಮ್ಮ ಮನೆಗೆ ಬಂದಿದ್ದರು. ಬಂದ ಎರಡನೇ ದಿನ ಐಸ್ ಬೇಕು ಅಂತ ಫ್ರೀಜರ್ ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು. ಒಳಗೆ ಒಂದು ದೊಡ್ಡ ಕಾಗದದ ಚೀಲ. ಚೀಲದ ತುಂಬ ಬಾಳೆಹಣ್ಣಿನ ಸಿಪ್ಪೆ, ಕೊತ್ತಂಬರಿ ಸೊಪ್ಪಿನ ಕಡ್ಡಿ, ಕಾಫಿ ಚರಟ, ಅಗಿದು ಬಿಟ್ಟ ನುಗ್ಗೆಕಾಯಿ. ಎಲ್ಲಾ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು.

"ಏನೋ ಇದು? ಕಸಾನ ಫ್ರಿಜ್ಜಲ್ಲಿ ಇಟ್ಕೊಂಡಿದೀಯಲ್ಲೋ!"

ವಿವರಿಸಿದೆ. ನಾವಿರುವುದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಅರವತ್ತಕ್ಕೂ ಜಾಸ್ತಿ ಮನೆಗಳಿರುವ ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ಇಲ್ಲಿ ಹಸಿ ಕಸದ ಗಾಡಿ ಬರುವುದು ವಾರಕ್ಕೆ ಒಂದೇ ಸಲ. ಸೆಕೆಗಾಲದಲ್ಲಿ ಏಳು ದಿನ ಅಡುಗೆಮನೆಯಲ್ಲಿ ಇಟ್ಟುಕೊಂಡರೆ ಹುಳ ಬೀಳುತ್ತದೆ. ಅದಕ್ಕೇ ಫ್ರೀಜರ್. ಈ ಊರಿನಲ್ಲಿ ಎಷ್ಟೋ ಜನ ಹೀಗೇ ಮಾಡುತ್ತಾರೆ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಬೆಳೆದ ಮನೆಯಲ್ಲಿ ಹಿತ್ತಲ ಬಾಗಿಲಿಗೆ ಕಲಗಚ್ಚಿನ ಬಕೆಟ್ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲಾ ಹಸುವಿಗೆ. ಹಸು ಮುಟ್ಟದ್ದು ತಿಪ್ಪೆಗೆ. ತಿಪ್ಪೆ ಹೊಲಕ್ಕೆ. "ಇಷ್ಟಕ್ಕೆ ಕಾನೂನು ಬೇರೆ ಮಾಡಿದಾರಾ?" ಅಂತ ಕೇಳಿದರು.

ಮಾಡಿದ್ದಾರೆ. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಿಟಿ ಕೌನ್ಸಿಲ್ ಅದನ್ನು ಪಾಸ್ ಮಾಡಿತು. ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ ಬೇರ್ಪಡಿಸುವುದು ಇಲ್ಲಿ 1989ರ ಕಾನೂನಿನಿಂದಲೇ ಕಡ್ಡಾಯ. ಈಗ ಅದರ ಜೊತೆಗೆ ಹಸಿ ಕಸವೂ ಸೇರಿತು. ಊರು ಐದು ಭಾಗಗಳಾಗಿ ಹಂಚಿಹೋಗಿದೆ, ಅವನ್ನು ಬರೋ ಅಂತಾರೆ. ಗಾಡಿ ಒಂದೊಂದೇ ಬರೋಗೆ ಬಂತು. ಕ್ವೀನ್ಸ್‌ಗೆ ಕಾನೂನಿಗಿಂತ ಮೊದಲೇ, 2022ರ ಅಕ್ಟೋಬರ್‌ನಲ್ಲಿ. ಬ್ರೂಕ್ಲಿನ್‌ಗೆ ಮುಂದಿನ ಅಕ್ಟೋಬರ್‌ನಲ್ಲಿ. ಮ್ಯಾನ್‌ಹ್ಯಾಟನ್, ಬ್ರಾಂಕ್ಸ್, ಸ್ಟೇಟನ್ ಐಲ್ಯಾಂಡ್‌ಗೆ 2024ರ ಅಕ್ಟೋಬರ್ 6ರಿಂದ. ಸುಮಾರು 85 ಲಕ್ಷ ಜನ, 35 ಲಕ್ಷದಷ್ಟು ಮನೆ. ಅಮೆರಿಕದಲ್ಲಿ ಮನೆಮನೆಯ ಹಸಿ ಕಸ ಎತ್ತುವ ಇಷ್ಟು ದೊಡ್ಡ ವ್ಯವಸ್ಥೆ ಇನ್ನೊಂದಿಲ್ಲ.

ಡಬ್ಬಿಗೆ ಏನು ಹಾಕಬಹುದು ಅನ್ನುವುದು ಸುಲಭ. ಅಡುಗೆಮನೆಯಿಂದ ಬರುವುದೆಲ್ಲಾ. ಮಾಂಸ, ಮೀನಿನ ಮುಳ್ಳು, ಮೂಳೆ, ಹಾಳಾದ ಮೊಸರು ಕೂಡ. ಮನೆಯಲ್ಲಿ ಕುಂಡದಲ್ಲಿ ಗೊಬ್ಬರ ಮಾಡುವವರು ಇವನ್ನೆಲ್ಲಾ ಹಾಕಬೇಡಿ ಅಂತಾರೆ, ಇಲ್ಲಿ ಆ ತಕರಾರಿಲ್ಲ. ಎಣ್ಣೆ ಹಿಡಿದ ಪಿಜ್ಜಾ ಡಬ್ಬ, ಕೈ ಒರೆಸಿದ ಟಿಶ್ಯೂ, ತೋಟದ ಎಲೆ, ಹುಲ್ಲು ಎಲ್ಲಾ ಸರಿ. ಬಿಗಿ ಮುಚ್ಚಳ ಇರುವ ಕಂದು ಬಣ್ಣದ ಡಬ್ಬಿಯನ್ನು ನಗರವೇ ಹಂಚಿತ್ತು. ಬೇರೆ ಡಬ್ಬಿಗೆ ಮುಚ್ಚಳ ಹಾಕಿ ಲೇಬಲ್ ಅಂಟಿಸಿದರೂ ನಡೆಯುತ್ತದೆ. ಒಣ ಕಸ ಎತ್ತುವ ದಿನವೇ ಇದನ್ನೂ ಎತ್ತುತ್ತಾರೆ.

ಹೇಳುವುದಕ್ಕೆ ಇಷ್ಟೇ. ಆದರೆ 2024ರಲ್ಲಿ, ಐದೂ ಬರೋಗೆ ಗಾಡಿ ಬಂದ ವರ್ಷ, ಬೇರ್ಪಡಿಸಬಹುದಾಗಿದ್ದ ಹಸಿ ಕಸದಲ್ಲಿ ಹತ್ತನೇ ಒಂದು ಪಾಲೂ ಈ ಡಬ್ಬಿಗೆ ಬೀಳಲಿಲ್ಲ.

ಯಾಕೆ? ಜನಕ್ಕೆ ಬುದ್ಧಿ ಇಲ್ಲ ಅನ್ನುವುದು ಸುಲಭದ ಉತ್ತರ. ನನಗೆ ಹಾಗನ್ನಿಸುವುದಿಲ್ಲ. ಕಸ ಬೇರ್ಪಡಿಸುವುದು ಹಲ್ಲುಜ್ಜಿದ ಹಾಗೆ, ಅಭ್ಯಾಸದ ಮಾತು. ಅಭ್ಯಾಸ ಬೀಳಬೇಕಾದರೆ ಗಾಡಿ ತಪ್ಪದೇ ಬರಬೇಕು. ನ್ಯೂಯಾರ್ಕ್ ಈ ಗಾಡಿಯನ್ನು ಎಷ್ಟು ಸಲ ಶುರು ಮಾಡಿ ಎಷ್ಟು ಸಲ ನಿಲ್ಲಿಸಿದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಅದಕ್ಕೂ ಮೊದಲು, ನಗರಕ್ಕೆ ಇದರ ಗೊಡವೆ ಯಾಕೆ ಅನ್ನುವುದನ್ನು ನೋಡೋಣ. ಇಲ್ಲಿನ ಸ್ಯಾನಿಟೇಷನ್ ಇಲಾಖೆ ದಿನಕ್ಕೆ 2.4 ಕೋಟಿ ಪೌಂಡ್ ಕಸ ಎತ್ತುತ್ತದೆ, ನಮ್ಮ ಲೆಕ್ಕದಲ್ಲಿ ಸುಮಾರು 11,000 ಟನ್. ಮನೆಗಳಿಂದ ಬರುವ ಕಸದಲ್ಲಿ ಮೂರನೇ ಒಂದು ಪಾಲು ಹಸಿ ಕಸ. ಊರಿಗೆ ಈಗ ತನ್ನದೇ ಆದ ಕಸದ ಗುಡ್ಡವಿಲ್ಲ. ಒಂದು ಕಾಲಕ್ಕೆ ಇತ್ತು. ಸ್ಟೇಟನ್ ಐಲ್ಯಾಂಡ್‌ನ ಫ್ರೆಶ್ ಕಿಲ್ಸ್, 2,200 ಎಕರೆ. 1948ರಲ್ಲಿ ತಾತ್ಕಾಲಿಕ ಅಂತ ಶುರುವಾದದ್ದು 53 ವರ್ಷ ನಡೆಯಿತು. ಸುತ್ತಲಿನ ಜನ ಗಲಾಟೆ ಮಾಡಿ ಮಾಡಿ 2001ರ ಮಾರ್ಚ್‌ನಲ್ಲಿ ಮುಚ್ಚಿಸಿದರು. ತಾತ್ಕಾಲಿಕ ಅನ್ನುವ ಪದಕ್ಕೆ ಎಲ್ಲಾ ಊರಿನಲ್ಲೂ ಒಂದೇ ಅರ್ಥ ಇರಬೇಕು.

ಆಮೇಲಿಂದ ಕಸ ಹೊರಗೆ ಹೋಗುತ್ತಿದೆ. ಲಾರಿಯಲ್ಲಿ, ದೋಣಿಯಲ್ಲಿ, ರೈಲಿನಲ್ಲಿ. ಪೆನ್ಸಿಲ್ವೇನಿಯಾ, ವರ್ಜೀನಿಯಾ, ಇದೇ ರಾಜ್ಯದ ಉತ್ತರದ ಊರುಗಳು. ಇದಕ್ಕೆ ವರ್ಷಕ್ಕೆ 40 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು. ದುಡ್ಡು ಕೊಡುವುದು ತೂಕದ ಮೇಲೆ. ಅಡುಗೆಮನೆಯ ಕಸದಲ್ಲಿ ಹೆಚ್ಚಿನ ಪಾಲು ನೀರು. ಅಂದರೆ ಕಲ್ಲಂಗಡಿ ಸಿಪ್ಪೆಯೊಳಗಿನ ನೀರನ್ನು ರೈಲಿಗೆ ಹತ್ತಿಸಿ, ನೂರಾರು ಮೈಲಿ ಸಾಗಿಸಿ, ಇನ್ನೊಬ್ಬರ ಊರಿನಲ್ಲಿ ಹೂಳುವುದಕ್ಕೆ ನಗರ ದುಡ್ಡು ಕೊಡುತ್ತಿದೆ.

ಹೂಳಿದ ಮೇಲೂ ಅದು ಸುಮ್ನೆ ಇರುವುದಿಲ್ಲ. ತಿಪ್ಪೆಗೆ ಗಾಳಿ ಆಡುತ್ತದೆ, ಅದಕ್ಕೇ ತಿಪ್ಪೆ ಬಿಸಿಯಾಗಿ, ಹೊಗೆಯಾಡಿ, ಕೊನೆಗೆ ಗೊಬ್ಬರವಾಗುತ್ತದೆ. ಕಸದ ಗುಡ್ಡದ ಒಳಗೆ ಗಾಳಿ ಇಲ್ಲ. ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟಿಗೂ ಜಾಸ್ತಿ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 2023ರಲ್ಲಿ ಒಂದು ಲೆಕ್ಕ ಕೊಟ್ಟಿತು. ದೇಶದ ಊರೂರಿನ ಕಸದ ಗುಡ್ಡಗಳಿಂದ ಸೋರಿಹೋಗುವ ಮೀಥೇನ್‌ನಲ್ಲಿ 58 ಶೇಕಡ ಹುಟ್ಟುವುದು ಆಹಾರದ ಕಸದಿಂದ.

ಆದರೆ ಈ ಯೋಜನೆಯನ್ನು ಜನರಿಗೆ ಮಾರಿದ್ದು ಮೀಥೇನ್ ಹೆಸರಿನಲ್ಲಿ ಅಲ್ಲ. ಇಲಿಯ ಹೆಸರಿನಲ್ಲಿ. ನ್ಯೂಯಾರ್ಕ್‌ಗೆ ಬಂದವರೆಲ್ಲಾ ನೋಡಿರುತ್ತಾರೆ, ರಾತ್ರಿ ಹೊತ್ತು ಫುಟ್‌ಪಾತ್ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲಗಳ ರಾಶಿ. ಡಬ್ಬಿ ಇಲ್ಲ, ಮುಚ್ಚಳ ಇಲ್ಲ. ಚೀಲದ ಮೂಲೆ ಕಚ್ಚಿದರೆ ಇಲಿಗೆ ಊಟ ಸಿದ್ಧ. ಐವತ್ತು ವರ್ಷ ಊರು ಹೀಗೇ ನಡೆಯಿತು. ಮೇಯರ್ ಎರಿಕ್ ಆಡಮ್ಸ್ 2023ರಲ್ಲಿ ಇಲಿ ನಿಗ್ರಹಕ್ಕೆ ಅಂತಲೇ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಚೀಲ ಹೊರಗಿಡುವ ಹೊತ್ತನ್ನು ಸಂಜೆ 4ರಿಂದ ರಾತ್ರಿ 8ಕ್ಕೆ ತಳ್ಳಿದರು. 2024ರ ನವೆಂಬರ್‌ನಿಂದ ಒಂಬತ್ತು ಮನೆಗಳವರೆಗಿನ ಕಟ್ಟಡಗಳು ಕಸವನ್ನು ಡಬ್ಬಿಯಲ್ಲೇ ಇಡಬೇಕು ಅಂತಾಯಿತು. ಕಂದು ಡಬ್ಬಿ ಈ ಸರಣಿಯ ಒಂದು ಭಾಗ. ನನಗೆ ಇದು ಜಾಣ ದಾರಿ ಅನ್ನಿಸಿತು. ಭೂಮಿ ಬಿಸಿಯಾಗುತ್ತಿದೆ ಅಂದರೆ ತಲೆಯಾಡಿಸಿ ಹೋಗುವವರು, ಮೆಟ್ಟಿಲ ಕೆಳಗೆ ಇಲಿ ಓಡಾಡಿತು ಅಂದರೆ ತಕ್ಷಣ ಡಬ್ಬಿ ಮುಚ್ಚುತ್ತಾರೆ.

ಈಗ ಗಾಡಿಯ ಕಥೆಗೆ ಬರೋಣ.

2002ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಖರ್ಚು ಉಳಿಸಲು ಗಾಜು ಮತ್ತು ಪ್ಲಾಸ್ಟಿಕ್ ಮರುಬಳಕೆಯನ್ನು ನಿಲ್ಲಿಸಿದರು. ಪ್ಲಾಸ್ಟಿಕ್ 2003ರಲ್ಲಿ, ಗಾಜು 2004ರಲ್ಲಿ ವಾಪಸ್ ಬಂತು. ಅಷ್ಟರಲ್ಲಿ ಜನ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುವುದಕ್ಕೆ ಒಗ್ಗಿಹೋಗಿದ್ದರು. ಅದೇ ಬ್ಲೂಮ್‌ಬರ್ಗ್ 2013ರಲ್ಲಿ ಹಸಿ ಕಸದ ಪ್ರಯೋಗ ಶುರು ಮಾಡಿದರು. ಅವರ ನಂತರ ಬಂದ ಬಿಲ್ ಡಿ ಬ್ಲಾಸಿಯೊ 2030ರ ಹೊತ್ತಿಗೆ ಲ್ಯಾಂಡ್‌ಫಿಲ್‌ಗೆ, ಅಂದರೆ ಕಸ ಹೂಳುವ ಗುಡ್ಡಕ್ಕೆ, ಒಂದು ಚೂರು ಕಸವೂ ಹೋಗಬಾರದು ಅಂತ ಘೋಷಿಸಿದರು. ಪ್ರಯೋಗ ಬೆಳೆಯಿತು, 2018ರಲ್ಲಿ ನಿಂತ ಜಾಗದಲ್ಲೇ ನಿಂತಿತು, 2020ರ ಮೇನಲ್ಲಿ ಕೊರೊನಾ ಖರ್ಚಿನ ನೆಪದಲ್ಲಿ ಪೂರ್ತಿ ಬಂದ್ ಆಯಿತು. 2021ರಲ್ಲಿ ಬೇಕಾದವರು ಅರ್ಜಿ ಹಾಕಿಕೊಳ್ಳಿ ಅಂತ ಮತ್ತೆ ಬಂತು. 2022ರ ಅಕ್ಟೋಬರ್‌ನಲ್ಲಿ ಅರ್ಜಿ ಏನೂ ಬೇಡ, ಕ್ವೀನ್ಸ್ ಪೂರ್ತಿಗೆ ಅಂತ ಬಂತು. ಡಿಸೆಂಬರ್‌ನಲ್ಲಿ ಚಳಿಗಾಲದ ರಜೆ. ಮಾರ್ಚ್‌ನಲ್ಲಿ ಮತ್ತೆ ಶುರು.

ನಮ್ಮ ಪಕ್ಕದ ಮನೆಯ ವಯಸ್ಸಾದ ಹೆಂಗಸು ಇದನ್ನೆಲ್ಲಾ ನೋಡಿದವರು. ಅವರ ಕಂದು ಡಬ್ಬಿಯಲ್ಲಿ ಈಗ ಹಿಮ ಕರಗಿಸುವ ಉಪ್ಪು ತುಂಬಿಟ್ಟಿದ್ದಾರೆ. ಅವರನ್ನು ನಾನು ಬಯ್ಯಲಾರೆ.

ಇನ್ನರ್ಧ ಉತ್ತರ ಕಟ್ಟಡದ ಒಳಗಿದೆ. ಸ್ವಂತ ಮನೆ, ಮುಂದೆ ಗೇಟು, ಪಕ್ಕದಲ್ಲಿ ಡಬ್ಬಿ ಇಡುವ ಜಾಗ ಇದ್ದವರಿಗೆ ಇದು ಕಷ್ಟವಲ್ಲ. ಆದರೆ ನ್ಯೂಯಾರ್ಕ್‌ನ ಹೆಚ್ಚಿನ ಜನ ಇರುವುದು ಅಪಾರ್ಟ್‌ಮೆಂಟ್‌ಗಳಲ್ಲಿ. ನಮ್ಮ ಕಟ್ಟಡದಲ್ಲಿ ಪ್ರತಿ ಮಹಡಿಗೂ ಗೋಡೆಯಲ್ಲಿ ಒಂದು ಕಿಂಡಿ ಇದೆ. ಕಪ್ಪು ಚೀಲವನ್ನು ಅದಕ್ಕೆ ಹಾಕಿದರೆ ಸರ್ರನೆ ಜಾರಿ ನೆಲಮಾಳಿಗೆಗೆ ಬೀಳುತ್ತದೆ. ಬಾಗಿಲಿನಿಂದ ಏಳು ಹೆಜ್ಜೆ. ಕಂದು ಡಬ್ಬಿ ಇರುವುದು ಹಿಂದಿನ ಅಂಗಳದಲ್ಲಿ, ಬಾಯ್ಲರ್ ಕೋಣೆ ದಾಟಿ, ಒಂದು ಕಬ್ಬಿಣದ ಬಾಗಿಲು ತಳ್ಳಿಕೊಂಡು ಹೋಗಬೇಕು. ಜನವರಿಯ ಚಳಿಯಲ್ಲಿ, ಕೈಯಲ್ಲಿ ಮೀನಿನ ಮುಳ್ಳಿನ ಚೀಲ ಹಿಡಿದು ಎಷ್ಟು ಜನ ಹೋಗುತ್ತಾರೆ ಹೇಳಿ? ಬೆರೆಸುವುದು ಏಳು ಹೆಜ್ಜೆ, ಬೇರ್ಪಡಿಸುವುದು ನಾಲ್ಕು ಮಹಡಿ.

ಇದರ ಭಾರ ಬೀಳುವುದು ಸೂಪರ್ ಮೇಲೆ. ಕಟ್ಟಡ ನೋಡಿಕೊಳ್ಳುವವರನ್ನು ಇಲ್ಲಿ ಹಾಗಂತಾರೆ. ನಾವು ದೋಸೆ ತಿಂದು ಹೇಳುವ ಸೂಪರ್ ಅಲ್ಲ, ಸೂಪರಿಂಟೆಂಡೆಂಟ್ ಅನ್ನುವುದರ ಮೊಟಕು. ಚರಂಡಿ ಕಟ್ಟಿದರೂ ಅವರೇ, ಬಾಯ್ಲರ್ ಕೆಟ್ಟರೂ ಅವರೇ. ನಮ್ಮ ಸೂಪರ್ ಸಂಜೆ ಕಂದು ಡಬ್ಬಿಯ ಮುಚ್ಚಳ ತೆಗೆದು, ಉದ್ದನೆಯ ಇಕ್ಕಳದಲ್ಲಿ ಒಂದೊಂದೇ ಪ್ಲಾಸ್ಟಿಕ್ ಚಮಚ, ಮೊಸರಿನ ಕಪ್ಪು, ಒಂದು ಸಲ ಮಗುವಿನ ಡಯಾಪರ್ ಎತ್ತಿ ಹೊರಗೆ ಹಾಕುವುದನ್ನು ನೋಡಿದ್ದೇನೆ. ಯಾವ ಮನೆಯವರು ಹಾಕಿದ್ದು ಅಂತ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ದಂಡ ಬಿದ್ದರೆ ಬೀಳುವುದು ಕಟ್ಟಡದ ಮಾಲೀಕರ ಮೇಲೆ. ಬೈಸಿಕೊಳ್ಳುವುದು ಇವರು. ತಪ್ಪು ಮಾಡಿದವರು ನಾಲ್ಕನೇ ಮಹಡಿಯಲ್ಲಿ ಹಾಯಾಗಿ ಟಿವಿ ನೋಡುತ್ತಿರುತ್ತಾರೆ.

ಅಪಾರ್ಟ್‌ಮೆಂಟ್ ಊರಿನಲ್ಲಿ ಇದು ಆಗುವುದೇ ಇಲ್ಲ ಅಂತ ಹೇಳುವವರಿದ್ದಾರೆ. ಅವರು ಇಟಲಿಯ ಮಿಲಾನ್ ನೋಡಬೇಕು. ಸುಮಾರು 14 ಲಕ್ಷ ಜನ, ಹತ್ತರಲ್ಲಿ ಎಂಟು ಮಂದಿ ಬಹುಮಹಡಿ ಕಟ್ಟಡಗಳಲ್ಲೇ ಇರುವವರು. 2012ರ ನವೆಂಬರ್‌ನಲ್ಲಿ ಊರಿನ ಕಾಲು ಭಾಗದಲ್ಲಿ ಶುರು ಮಾಡಿದರು, 2014ರ ಜೂನ್ ಹೊತ್ತಿಗೆ ಊರು ಪೂರ್ತಿ ಮುಗಿಸಿದರು. ನಡುವೆ ಒಂದು ಸಲವೂ ನಿಲ್ಲಿಸಲಿಲ್ಲ. ಮನೆಮನೆಗೂ ಹತ್ತು ಲೀಟರಿನ ಸಣ್ಣ ಬುಟ್ಟಿ ಕೊಟ್ಟರು. ಬುಟ್ಟಿಯ ಸುತ್ತ ತೂತುಗಳು. ಒಳಗೆ ಕರಗಿಹೋಗುವ ಚೀಲ. ಗಾಳಿ ಆಡುವುದರಿಂದ ಕಸ ಒಣಗುತ್ತದೆ, ಅಷ್ಟು ನಾರುವುದಿಲ್ಲ. ಚೀಲಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ, ಇಟಲಿಯಲ್ಲಿ 2011ರಿಂದ ಮಾಮೂಲಿ ಪ್ಲಾಸ್ಟಿಕ್ ಚೀಲ ನಿಷೇಧ, ಅಂಗಡಿಯಲ್ಲಿ ತರಕಾರಿ ಹಾಕಿಕೊಡುವ ಚೀಲವೇ ಈ ಕೆಲಸಕ್ಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಮಿಲಾನ್‌ನವರು ಕಸವನ್ನು ಫ್ರೀಜರ್‌ನಲ್ಲಿ ಇಡಬೇಕಾಗಿಲ್ಲ.

ದಕ್ಷಿಣ ಕೊರಿಯಾದ ದಾರಿ ಬೇರೆ. ಅಲ್ಲಿ 2005ರಿಂದ ಆಹಾರದ ಕಸವನ್ನು ಹೂಳುವಂತೆಯೇ ಇಲ್ಲ. 2013ರಿಂದ ತೂಕಕ್ಕೆ ತಕ್ಕ ದುಡ್ಡು. ಸೋಲ್‌ನ ಅಪಾರ್ಟ್‌ಮೆಂಟ್‌ಗಳ ಕೆಳಗೆ ಒಂದು ಯಂತ್ರ ಇರುತ್ತದೆ. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದದ್ದನ್ನು ತೂಗುತ್ತದೆ, ಆ ಮನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಯಾರ ಕಸ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಈಗ ಅಲ್ಲಿ ಆಹಾರದ ಕಸದ 95 ಶೇಕಡಕ್ಕೂ ಜಾಸ್ತಿ ಮೇವು, ಗೊಬ್ಬರ, ಗ್ಯಾಸ್ ಆಗಿ ಬಳಕೆಗೆ ಬರುತ್ತದೆ.

ನ್ಯೂಯಾರ್ಕ್ ಹಿಡಿದದ್ದು ದಂಡದ ದಾರಿ. 2025ರ ಏಪ್ರಿಲ್ 1ರಿಂದ ಶುರು. ಎಂಟು ಮನೆಗಳವರೆಗಿನ ಕಟ್ಟಡಕ್ಕೆ ಮೊದಲ ಸಲ 25 ಡಾಲರ್, ಆಮೇಲೆ 50, ಆಮೇಲೆ 100. ದೊಡ್ಡ ಕಟ್ಟಡಕ್ಕೆ 100, 200, 300. ಡಬ್ಬಿಗೆ ಬೀಳುವ ಕಸದ ತೂಕ ಆ ವಾರಗಳಲ್ಲಿ ಜಿಗಿಯಿತು. ನಮ್ಮ ಲಿಫ್ಟ್‌ನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಬಂಗಾಳಿಯಲ್ಲಿ ನೋಟಿಸ್ ಬಂತು. ಜನ ಡಬ್ಬಿ ಎಲ್ಲಿದೆ ಅಂತ ಕೇಳಿದರು, ನಾನು ನೋಡಿದ ಹಾಗೆ ಮೊದಲ ಸಲ. ಮೂರು ವಾರವೂ ಆಗಲಿಲ್ಲ, ಮೇಯರ್ ಕಚೇರಿ ಹಿಂದೆ ಸರಿಯಿತು. 2025ರ ಕೊನೆಯವರೆಗೆ ಸಣ್ಣ ಕಟ್ಟಡಗಳಿಗೆ ದಂಡವಿಲ್ಲ ಅಂದರು. ಮೂವತ್ತಕ್ಕಿಂತ ಜಾಸ್ತಿ ಮನೆಗಳಿದ್ದು, ನಾಲ್ಕು ಸಲ ಎಚ್ಚರಿಕೆ ಕೊಟ್ಟರೂ ಕೇಳದವರಿಗೆ ಮಾತ್ರ. ಲಿಫ್ಟ್‌ನ ನೋಟಿಸ್ ಇನ್ನೂ ಅಲ್ಲೇ ಇದೆ, ಒಂದು ಮೂಲೆ ಕಿತ್ತುಹೋಗಿದೆ.

ದಂಡ ಹಾಕುವ ಮೊದಲು ಅಡುಗೆಮನೆಗೊಂದು ಬುಟ್ಟಿ, ಕಟ್ಟಡಕ್ಕೊಂದು ತರಬೇತಿ, ಸೂಪರ್‌ಗೆ ನಾಲ್ಕು ಕಾಸು ಜಾಸ್ತಿ ಕೊಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಮ್ಮೆ ಹಾಕಿದ ಮೇಲೆ ಮೂರು ವಾರಕ್ಕೆ ವಾಪಸ್ ತೆಗೆದುಕೊಂಡದ್ದು ಇನ್ನೂ ದೊಡ್ಡ ತಪ್ಪು ಅಂತ ನನ್ನ ಲೆಕ್ಕ. ಇವರು ಇವತ್ತು ಹೇಳಿದ್ದನ್ನು ನಾಳೆ ನಡೆಸುವುದಿಲ್ಲ ಅನ್ನುವ ಹಳೆಯ ಪಾಠವನ್ನೇ ಜನಕ್ಕೆ ಮತ್ತೆ ಕಲಿಸಿದ ಹಾಗಾಯಿತು.

ಖರ್ಚಿನ ಲೆಕ್ಕವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಹಸಿ ಕಸದ ಲಾರಿ ಬೀದಿಬೀದಿ ಸುತ್ತಲೇಬೇಕು. ಹತ್ತು ಡಬ್ಬಿ ಸಿಕ್ಕರೂ ಅಷ್ಟೇ ಡೀಸೆಲ್, ಸಾವಿರ ಡಬ್ಬಿ ಸಿಕ್ಕರೂ ಅಷ್ಟೇ ಸಂಬಳ. ಲಾರಿ ಅರ್ಧ ಖಾಲಿ ಓಡಿದರೆ ಟನ್ನಿಗೆ ಬೀಳುವ ಖರ್ಚು ಹೂಳುವ ಖರ್ಚಿಗಿಂತ ಎಷ್ಟೋ ಜಾಸ್ತಿಯಾಗುತ್ತದೆ. ದುಬಾರಿ ಅಂತ ನಿಲ್ಲಿಸುತ್ತಾರೆ, ನಿಲ್ಲಿಸಿದ್ದಕ್ಕೇ ಜನ ನಂಬುವುದಿಲ್ಲ, ನಂಬದೇ ಇರುವುದಕ್ಕೇ ಲಾರಿ ಖಾಲಿ ಓಡುತ್ತದೆ. ಖರ್ಚು ತಗ್ಗಿಸಲು ಇಲಾಖೆ ಎರಡು ಅರೆಗಳಿರುವ ಲಾರಿ ಬಳಸುತ್ತದೆ, ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಕಸ. ಇದು ಬುದ್ಧಿವಂತಿಕೆ ನಿಜ. ಆದರೆ ಕಿಟಕಿಯಿಂದ ನೋಡುವವರಿಗೆ ಎರಡನ್ನೂ ಒಂದೇ ಲಾರಿಗೆ ಸುರಿದ ಹಾಗೆ ಕಾಣುತ್ತದೆ. "ನಾವು ಬೇರೆ ಮಾಡಿ ಕೊಟ್ಟರೂ ಅವರು ಒಟ್ಟಿಗೇ ಸುರೀತಾರೆ." ಬೆಂಗಳೂರಿನಲ್ಲಿ ಸಾವಿರ ಸಲ ಕೇಳಿದ ಮಾತನ್ನು ಇಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದಾಗ ನಗು ಬಂತು.

ಎತ್ತಿದ ಕಸ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಅದೇ ಫ್ರೆಶ್ ಕಿಲ್ಸ್‌ಗೆ. ಹಳೆಯ ಕಸದ ಗುಡ್ಡದ ಮೇಲೆ ಈಗ ಹುಲ್ಲು ಬೆಳೆದು ಪಾರ್ಕ್ ಆಗುತ್ತಿದೆ, ಅದರ ಮಗ್ಗುಲಲ್ಲೇ ಗೊಬ್ಬರದ ಘಟಕ. 2024ರ ಜನವರಿಯಲ್ಲಿ ಇದನ್ನು ದೊಡ್ಡದು ಮಾಡಿದರು, ವರ್ಷಕ್ಕೆ 30 ಲಕ್ಷ ಪೌಂಡ್ ಆಹಾರದ ಕಸ ಹಿಡಿಯುತ್ತಿದ್ದದ್ದು 6 ಕೋಟಿ ಪೌಂಡ್ ದಾಟಿತು. ಚೀಲ ಹರಿದು ಪ್ಲಾಸ್ಟಿಕ್ ಬೇರೆ ಮಾಡುವ ಯಂತ್ರ ಇದೆ. ಕಸವನ್ನು ಮರದ ಚೂರು, ಎಲೆಯ ಜೊತೆ ಬೆರೆಸಿ ಉದ್ದುದ್ದ ರಾಶಿ ಹಾಕುತ್ತಾರೆ, ಮೇಲೆ ಹೊದಿಕೆ ಹೊದಿಸಿ ಕೆಳಗಿನಿಂದ ಗಾಳಿ ಊದುತ್ತಾರೆ. ಕೆಲವು ತಿಂಗಳಲ್ಲಿ ಕಪ್ಪು ಪುಡಿಮಣ್ಣು. ಅಮ್ಮನಿಗೆ ಇದರ ವಿಡಿಯೋ ತೋರಿಸಿದೆ. "ತಿಪ್ಪೆನೇ ಅಲ್ವಾ, ಫ್ಯಾನ್ ಹಾಕಿದಾರೆ ಅಷ್ಟೇ" ಅಂದರು.

ಇನ್ನೊಂದು ಪಾಲು ಬ್ರೂಕ್ಲಿನ್‌ನ ನ್ಯೂಟೌನ್ ಕ್ರೀಕ್‌ಗೆ. ಅದು ಊರಿನ 14 ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಸೇತುವೆ ಮೇಲೆ ಹೋಗುವವರಿಗೆ ಎಂಟು ಬೃಹತ್ ಉಕ್ಕಿನ ಮೊಟ್ಟೆಗಳು ಕಾಣುತ್ತವೆ, ರಾತ್ರಿ ನೀಲಿ ದೀಪ ಹಾಕಿರುತ್ತಾರೆ. ಆಹಾರದ ಕಸವನ್ನು ರುಬ್ಬಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಮಾಡಿ, ಕೊಳಚೆಯ ಜೊತೆ ಈ ಮೊಟ್ಟೆಗಳಿಗೆ ಬಿಡುತ್ತಾರೆ. ಒಳಗೆ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುತ್ತವೆ. ಗುಡ್ಡದಿಂದ ಸೋರಿಹೋಗುತ್ತಿದ್ದ ಅದೇ ಮೀಥೇನ್ ಇಲ್ಲಿ ಮುಚ್ಚಿದ ಪಾತ್ರೆಯಲ್ಲಿ ಸಿಗುತ್ತದೆ. ಶುದ್ಧ ಮಾಡಿ ಗ್ಯಾಸ್ ಪೈಪಿಗೆ ಬಿಡುವುದು 2023ರಲ್ಲಿ ಶುರುವಾಯಿತು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಗಾತ್ರ ಬಿಟ್ಟರೆ.

ಪರಿಸರದವರಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಯಂತ್ರ ಕೈಕೊಟ್ಟಾಗ ಗ್ಯಾಸನ್ನು ಸುಮ್ನೆ ಸುಟ್ಟುಬಿಡುತ್ತಾರೆ. ಕೊನೆಗೆ ಉಳಿಯುವ ರಾಡಿ ಕೊಳಚೆಯ ಜೊತೆ ಬೆರೆತಿರುತ್ತದೆ, ಅದರಲ್ಲಿ ಒಂದಷ್ಟು ಮತ್ತೆ ಲ್ಯಾಂಡ್‌ಫಿಲ್‌ಗೇ ಹೋಗುತ್ತದೆ. ನಾವು ಬೇರ್ಪಡಿಸಿದ್ದು ಮಣ್ಣಿಗೆ ಸೇರಲಿ ಅಂತ, ಒಲೆಗೆ ಸೇರಲಿ ಅಂತಲ್ಲ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ. ಹಾಗಂತ ಬಾಳೆ ಸಿಪ್ಪೆಯನ್ನು ರೈಲು ಹತ್ತಿಸುವುದಕ್ಕಿಂತ ಮೊಟ್ಟೆಗೆ ಹಾಕುವುದು ಮೇಲು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇದನ್ನೆಲ್ಲಾ ಬರೆಯುವಾಗ ಬೆಂಗಳೂರು ನೆನಪಾಗದೇ ಇರದು. ಹಸಿ ಕಸದ ವಿಷಯದಲ್ಲಿ ನಮ್ಮೂರು ನ್ಯೂಯಾರ್ಕ್‌ಗಿಂತ ಮುಂದಿತ್ತು ಅಂದರೆ ಇಲ್ಲಿನವರು ನಂಬುವುದಿಲ್ಲ. 2012ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ನಿಮ್ಮ ಕಸ ಬೇಡ ಅಂತ ಲಾರಿ ತಡೆದಾಗ ಊರು ನಾರಿತು. 2014ರ ಡಿಸೆಂಬರ್‌ನಲ್ಲಿ ಕಸ ಹೋಗುತ್ತಿದ್ದ ಇನ್ನೊಂದು ಊರು ಮಂಡೂರಿನ ಬಾಗಿಲೂ ಮುಚ್ಚಿತು. ಮೂಲದಲ್ಲೇ ಬೇರ್ಪಡಿಸಿ ಅಂತ ಹೈಕೋರ್ಟ್ ಹೇಳಿತು, 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬಿ ಒಂದು ಚೀಲ ಅಂತ ಲೆಕ್ಕವನ್ನೂ ಕೊಟ್ಟಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡ್, ಡಯಾಪರ್, ಚೀಲಕ್ಕೆ ಒಣ ಕಸ. ನ್ಯೂಯಾರ್ಕ್‌ನಲ್ಲಿ ದಂಡ ಶುರುವಾಗುವುದಕ್ಕೆ ಸುಮಾರು ಹತ್ತು ವರ್ಷ ಮೊದಲು.

ನಮ್ಮ ಕಸದ ಸ್ವಭಾವವೂ ಬೇರೆ. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಯದೇ. ದಿನಾ ತರಕಾರಿ ಹೆಚ್ಚುವ, ತೆಂಗಿನಕಾಯಿ ತುರಿಯುವ ಮನೆಗಳು. ಆ ಬಿಸಿಲಿಗೆ ಎರಡನೇ ದಿನ ಇಡುವ ಹಾಗಿಲ್ಲ. ಅದಕ್ಕೇ ಅಲ್ಲಿ ಹಾಡು ಹಾಕ್ಕೊಂಡು ಆಟೊ ಟಿಪ್ಪರ್ ದಿನಾ ಬೆಳಿಗ್ಗೆ ಬರಬೇಕು. ಬರುತ್ತದೆ ಕೂಡ, ಬರುವ ಬಡಾವಣೆಗಳಲ್ಲಿ. ಯಾವ ದಿನ ಬರಲಿಲ್ಲವೋ ಆ ದಿನ ಖಾಲಿ ಸೈಟಿನ ಮೂಲೆಯಲ್ಲಿ, ವಿದ್ಯುತ್ ಕಂಬದ ಬುಡದಲ್ಲಿ ಮೊದಲ ಚೀಲ ಬೀಳುತ್ತದೆ. ಮೊದಲ ಚೀಲ ಬಿದ್ದ ಮೇಲೆ ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಡ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅಧಿಕಾರಿಗಳು ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದು, ಅದಕ್ಕೆ ಕಸ ಸುರಿಯುವ ಹಬ್ಬ ಅಂತ ಹೆಸರಿಟ್ಟರು. ವಿಡಿಯೋ ನೋಡಿ ನಾವೂ ನಕ್ಕೆವು. ಆದರೆ ಆ ಬೀದಿಗೆ ಅವತ್ತು ಬೆಳಿಗ್ಗೆ ಟಿಪ್ಪರ್ ಬಂದಿತ್ತಾ ಅನ್ನುವುದು ವಿಡಿಯೋದಲ್ಲಿ ಇರಲಿಲ್ಲ.

ಬೆಂಗಳೂರು ಮಾಡಿದ ಇನ್ನೊಂದು ಕೆಲಸ ನ್ಯೂಯಾರ್ಕ್‌ಗೆ ಪಾಠವಾಗಬಹುದು. ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ ನಿಮ್ಮ ಹಸಿ ಕಸ ನಿಮ್ಮಲ್ಲೇ ಗೊಬ್ಬರ ಮಾಡಿಕೊಳ್ಳಿ, ಇಲ್ಲವೇ ದುಡ್ಡು ಕೊಟ್ಟು ಸಾಗಿಸಿ ಅಂದರು. ಎಷ್ಟೋ ಕಡೆ ನೆಲಮಾಳಿಗೆಯಲ್ಲಿ ಗೊಬ್ಬರದ ತೊಟ್ಟಿಗಳು ಬಂದವು. ಒಂದು ಪದರ ಕಸ, ಒಂದು ಪದರ ತೆಂಗಿನ ನಾರಿನ ಪುಡಿ. ಮಹಡಿ ಮಹಡಿಗೆ ಹೋಗಿ ಡಬ್ಬಿ ನೋಡಿ, ಬೆರೆಸಿದವರ ಬಾಗಿಲಲ್ಲೇ ಬಿಟ್ಟು ಬರುವ ಪದ್ಧತಿ ಇಟ್ಟುಕೊಂಡ ಕಟ್ಟಡಗಳೂ ಇವೆ. ಅಲ್ಲಿ ಯಾರ ಕಸ ಅನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. ಯಂತ್ರ ಬೇಡ, ಕಾರ್ಡ್ ಬೇಡ, ಪಕ್ಕದ ಮನೆಯವರು ನೋಡುತ್ತಾರೆ ಅನ್ನುವ ನಾಚಿಕೆ ಸಾಕು. ನಾಣ್ಯಕ್ಕೆ ಇನ್ನೊಂದು ಮುಖ ಇದ್ದೇ ಇದೆ. ಈ ಕೆಲಸವೆಲ್ಲಾ ಮಾಡುವುದು ಹೌಸ್‌ಕೀಪಿಂಗ್ ಹೆಂಗಸರು. ನಮ್ಮ ಸೂಪರ್ ಕೈಯಲ್ಲಿ ಉದ್ದನೆಯ ಇಕ್ಕಳವಾದರೂ ಇದೆ.

ಆಗಸ್ಟ್ ಕೊನೆಗೆ ಅಮ್ಮ ಹೊರಡುವ ವಾರ, ನಗರದವರು ಗೊಬ್ಬರ ಹಂಚುವ ಜಾಗಕ್ಕೆ ಹೋಗಿದ್ದೆವು. ಊರಿನವರಿಗೆ ಪುಕ್ಕಟೆ. ಚೀಲವನ್ನು ಮನೆಗೆ ತಂದು ಅಮ್ಮ ಹಳೆಯ ಪೇಪರ್ ಮೇಲೆ ಸುರಿದರು, ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದರು. ನಾತ ಇಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ. ಬೆರಳಲ್ಲಿ ಕೆದಕುತ್ತಾ ಇದ್ದವರು ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಸ್ಟಿಕ್ಕರ್. ಅಂಗಡಿಯವರು ಬಾಳೆಹಣ್ಣಿಗೆ ಅಂಟಿಸಿರುತ್ತಾರಲ್ಲ, ಅದು. ಯಾರದೋ ಅಡುಗೆಮನೆಯಿಂದ ಹೊರಟು, ಲಾರಿ, ಯಂತ್ರ, ಜರಡಿ ಎಲ್ಲಾ ದಾಟಿ, ನಂಬರ್ ಸಮೇತ ನಮ್ಮ ಮನೆಗೆ ಬಂದಿತ್ತು.

"ಇದೊಂದು ಕರಗಿಲ್ಲ ನೋಡು" ಅಂದು ಅದನ್ನು ಕಪ್ಪು ಚೀಲಕ್ಕೆ ಹಾಕಿ, ಮಿಕ್ಕಿದ್ದನ್ನು ಕಿಟಕಿಯ ಹತ್ತಿರದ ಕರಿಬೇವಿನ ಕುಂಡಕ್ಕೆ ಬಗ್ಗಿಸಿದರು.